ಮದುವೆ ವಿಡಿಯೋ ಎಡಿಟಿಂಗ್‌ಗೆ ಎಂಥ ಕಂಪ್ಯೂಟರ್ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಸ್ಟುಡಿಯೋ ನಡೆಸುವವರಿಗೆ, ಮನೆಯಲ್ಲೇ ಕೂತು ಎಡಿಟಿಂಗ್ ಮಾಡಿಕೊಡುವವರಿಗೆ ಈ ಉತ್ತರಗಳು. ಮದುವೆ ಕೆಲಸದಲ್ಲಿ ಫುಟೇಜ್ ಜಾಸ್ತಿ, ಟೈಮ್ ಕಮ್ಮಿ. ಮತ್ತೆ ಶೂಟ್ ಮಾಡೋಣ ಅನ್ನೋ ಮಾತಂತೂ ಇಲ್ಲವೇ ಇಲ್ಲ. ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು ಅನ್ನೋದನ್ನ ಈ ಲೆಕ್ಕದಲ್ಲೇ ನೋಡಬೇಕು.

## ಮೊದಲು ಏನು ನೋಡಬೇಕು? ಪ್ರೊಸೆಸರಾ, ಗ್ರಾಫಿಕ್ಸ್ ಕಾರ್ಡಾ?

ಎರಡೂ ಅಲ್ಲ. ನಿಮ್ಮ ಕ್ಯಾಮೆರಾ ಎಂಥ ಫೈಲ್ ಕೊಡುತ್ತದೆ ಅನ್ನೋದನ್ನ ಮೊದಲು ನೋಡಿ. ಮೀಡಿಯಾಇನ್ಫೋ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಹೋದ ಮದುವೆಯ ಒಂದು ಕ್ಲಿಪ್ ಅದರಲ್ಲಿ ತೆರೆಯಿರಿ. ನಾಲ್ಕು ವಿಷಯ ಬರೆದುಕೊಳ್ಳಿ: ಎಚ್.264 ಅಥವಾ ಎಚ್.265 (ವಿಡಿಯೋ ಕುಗ್ಗಿಸಿಡುವ ವಿಧಾನ), 8 ಬಿಟ್ ಅಥವಾ 10 ಬಿಟ್ (ಬಣ್ಣದ ಸೂಕ್ಷ್ಮತೆ), 4:2:0 ಅಥವಾ 4:2:2 (ಬಣ್ಣದ ಮಾಹಿತಿ ಎಷ್ಟು ಉಳಿದಿದೆ ಅನ್ನೋದು), ಮತ್ತೆ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ). ಡ್ರೋನ್ ಕ್ಲಿಪ್ಪನ್ನೂ, ಬಾಡಿಗೆಗೆ ಬರುವ ಎರಡನೇ ಕ್ಯಾಮೆರಾಮನ್ ಕೊಟ್ಟ ಕ್ಲಿಪ್ಪನ್ನೂ ಹೀಗೇ ನೋಡಿ.

ಈ ಚೀಟಿ ಇಲ್ಲದೆ ಅಂಗಡಿಗೆ ಹೋದರೆ ಅವರು ಗೇಮಿಂಗ್ ಸಿಸ್ಟಂ ಕೊಡುತ್ತಾರೆ. ಗೇಮಿಂಗ್‌ಗೆ ಅದು ಚೆನ್ನಾಗೇ ಇರುತ್ತದೆ.

## ಹೊಸ ಸಿಸ್ಟಂ ತಗೊಂಡರೂ ಟೈಮ್‌ಲೈನ್ ಲ್ಯಾಗ್ ಆಗುತ್ತದೆ. ಯಾಕೆ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಉತ್ತರ ಸ್ವಲ್ಪ ಉದ್ದ.

ಎಚ್.264, ಎಚ್.265 ಫೈಲ್‌ಗಳಲ್ಲಿ ಪ್ರತಿ ಫ್ರೇಮ್ ಪೂರ್ತಿ ಇರುವುದಿಲ್ಲ. ಒಂದು ಫ್ರೇಮ್ ಪೂರ್ತಿ ಬರೆದು, ಆಮೇಲಿನ ಫ್ರೇಮ್‌ಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ಕ್ಯಾಮೆರಾ ಬರೆಯುತ್ತದೆ. ಜಾಗ ಉಳಿಯುತ್ತದೆ ನಿಜ. ಆದರೆ ನೀವು ಟೈಮ್‌ಲೈನ್ ಮಧ್ಯೆ ಎಲ್ಲೋ ಕ್ಲಿಕ್ ಮಾಡಿದಾಗ ಕಂಪ್ಯೂಟರ್ ಹಿಂದಿನ ಪೂರ್ತಿ ಫ್ರೇಮ್‌ವರೆಗೆ ಹೋಗಿ, ಅಲ್ಲಿಂದ ಲೆಕ್ಕ ಹಾಕಿಕೊಂಡು ಬಂದು ಆ ಒಂದು ಚಿತ್ರ ತೋರಿಸಬೇಕು. ಧಾರೆ ಮುಹೂರ್ತದ ಮಲ್ಟಿಕ್ಯಾಮ್ ನೆನಪು ಮಾಡಿಕೊಳ್ಳಿ. ಮಂಟಪದ ಎದುರು ಒಂದು ಕ್ಯಾಮೆರಾ, ಪಕ್ಕದಲ್ಲಿ ಒಂದು, ಗಿಂಬಲ್‌ನಲ್ಲಿ ಒಂದು, ಕ್ರೇನ್‌ನಲ್ಲಿ ಒಂದು. ನಾಲ್ಕು ಫೈಲ್‌ಗೂ ಈ ಲೆಕ್ಕ ಒಟ್ಟಿಗೇ ನಡೆಯಬೇಕು.

ಈ ಕೆಲಸಕ್ಕೆ ಚಿಪ್‌ನಲ್ಲೇ ಬೇರೆ ಡಿಕೋಡರ್ ಇರುತ್ತದೆ. ಅದು ನಿಮ್ಮ ಫೈಲನ್ನು ಓದಬಲ್ಲದಾ ಅನ್ನೋದೇ ಮುಖ್ಯ. 8 ಬಿಟ್ 4:2:0 ಎಚ್.264 ಆದರೆ ಈಗಿನ ಎಲ್ಲ ಗ್ರಾಫಿಕ್ಸ್ ಕಾರ್ಡ್‌ಗಳೂ ಓದುತ್ತವೆ. ಡಿಜೆಐ ಡ್ರೋನ್‌ಗಳ 10 ಬಿಟ್ 4:2:0 ಎಚ್.265ಕ್ಕೂ ತೊಂದರೆ ಇಲ್ಲ. ಪೇಚಾಟ ಬರುವುದು 10 ಬಿಟ್ 4:2:2ರಲ್ಲಿ. ಸೋನಿ ಎ7 4, ಎ7ಎಸ್ 3, ಕ್ಯಾನನ್ ಆರ್6 ಇವೆಲ್ಲ ಇಂಥ ಫೈಲ್ ಕೊಡುತ್ತವೆ. ಎನ್ವಿಡಿಯಾ ಕಾರ್ಡ್‌ಗಳಲ್ಲಿ 4:2:2 ಓದುವ ಡಿಕೋಡರ್ ಬಂದಿದ್ದೇ 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕೂ ಮೊದಲಿನ ಕಾರ್ಡ್ ಎಷ್ಟೇ ದುಬಾರಿ ಇರಲಿ, ಈ ಫೈಲ್ ಬಂದಾಗ ಕೆಲಸ ಪ್ರೊಸೆಸರ್ ತಲೆ ಮೇಲೆ ಬೀಳುತ್ತದೆ. ಇಂಟೆಲ್ ಪ್ರೊಸೆಸರ್‌ಗಳ ಒಳಗೇ ಇರುವ ಗ್ರಾಫಿಕ್ಸ್‌ನ ಡಿಕೋಡರ್, ಅಂದರೆ ಕ್ವಿಕ್ ಸಿಂಕ್, 12ನೇ ಪೀಳಿಗೆ ಮತ್ತು ಅದರ ಈಚಿನವುಗಳಲ್ಲಿ ಎಚ್.265ರ 10 ಬಿಟ್ 4:2:2ನ್ನು ಸಲೀಸಾಗಿ ಓದುತ್ತದೆ.

ಹಾಗಾಗಿ ಕ್ಯಾನನ್‌ನವರಿಗೆ ಇಂಟೆಲ್ ಪ್ರೊಸೆಸರ್ ಒಳ್ಳೆಯ ದಾರಿ. ಸೋನಿಯ ಎಕ್ಸ್ಎವಿಸಿ ಎಸ್ ಫಾರ್ಮ್ಯಾಟ್‌ನ 4:2:2 ಫೈಲ್ ಎಚ್.265 ಅಲ್ಲ, ಎಚ್.264 ಆಗಿರುವುದರಿಂದ ಅವರಿಗೆ ಆರ್‌ಟಿಎಕ್ಸ್ 50 ಸರಣಿ ವಾಸಿ. ಎಎಂಡಿ ರೈಜೆನ್ ಹಾಕಿಸುವವರಂತೂ ಜೊತೆಗೆ ಆರ್‌ಟಿಎಕ್ಸ್ 50 ಸರಣಿಯ ಕಾರ್ಡನ್ನೇ ಹಾಕಿಸಿ.

## ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರ್ ಅಗ್ಗಕ್ಕೆ ಸಿಗುತ್ತದೆ. ತಗೋಬಹುದಾ?

ಬೇಡ. ಐ5-14400ಎಫ್ ಥರದ ಪ್ರೊಸೆಸರ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಕ್ವಿಕ್ ಸಿಂಕ್ ಕೂಡ ಅದರ ಜೊತೆಗೇ ಹೋಯಿತು. ಒಂದಿಷ್ಟು ದುಡ್ಡು ಉಳಿಸಲು ಹೋಗಿ ನಮ್ಮ ಕೆಲಸಕ್ಕೆ ಬೇಕಾದ ಭಾಗವನ್ನೇ ಬಿಟ್ಟಂತೆ.

ಎಫ್ ಇಲ್ಲದ್ದನ್ನು ತಗೊಂಡ ಮೇಲೂ ಒಂದು ಕೆಲಸ ಇದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದಾಗ ಕೆಲವು ಮದರ್‌ಬೋರ್ಡ್‌ಗಳು ಒಳಗಿನದನ್ನು ಆಫ್ ಮಾಡಿಬಿಡುತ್ತವೆ. ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್) ಅದನ್ನು ಆನ್ ಮಾಡಿಸಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎರಡು ಜಿಪಿಯು, ಅಂದರೆ ಎರಡು ಗ್ರಾಫಿಕ್ಸ್ ಚಿಪ್, ಕಾಣಬೇಕು.

13 ಮತ್ತು 14ನೇ ಪೀಳಿಗೆಯ ಐ7, ಐ9 ತಗೊಳ್ಳುವವರು ಬಯಾಸ್ ಅಪ್‌ಡೇಟ್ ಆಗಿದೆಯಾ ಕೇಳಿ. ವೋಲ್ಟೇಜ್ ಜಾಸ್ತಿಯಾಗಿ ಚಿಪ್ ಹಾಳಾಗುತ್ತಿದ್ದ ತೊಂದರೆಗೆ ಇಂಟೆಲ್ 2024ರಲ್ಲಿ ಪರಿಹಾರ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಸೆಕೆಂಡ್ ಹ್ಯಾಂಡ್ ಆದರೆ ಇದನ್ನು ಕೇಳದೆ ದುಡ್ಡು ಕೊಡಬೇಡಿ.

## ಎಡಿಯಸ್, ಪ್ರೀಮಿಯರ್, ಡಾವಿಂಚಿ: ಸಾಫ್ಟ್‌ವೇರ್ ಬದಲಾದರೆ ಕಂಪ್ಯೂಟರ್ ಬದಲಾಗುತ್ತದಾ?

ಖಂಡಿತ. ಟ್ರೆಡಿಷನಲ್ ವಿಡಿಯೋ ಮಾಡುವವರಲ್ಲಿ ಎಡಿಯಸ್ ಇನ್ನೂ ಜೋರಾಗಿದೆ, ಅದಕ್ಕೆ ಕಾರಣವೂ ಇದೆ. ಮೂರು ಗಂಟೆಯ ಟೈಮ್‌ಲೈನ್ ಇಟ್ಟುಕೊಂಡು ಸರಸರನೆ ಕಟ್ ಮಾಡುತ್ತಾ ಹೋಗಬಹುದು. ಅದು ಪ್ರೊಸೆಸರ್ ಮತ್ತು ಕ್ವಿಕ್ ಸಿಂಕ್ ಮೇಲೆ ನಿಂತಿದೆ. ಎಡಿಯಸ್‌ಗೆ ಅಂತ ದೊಡ್ಡ ಗ್ರಾಫಿಕ್ಸ್ ಕಾರ್ಡ್ ತರುವುದು ಸುಮ್ನೆ ಖರ್ಚು. ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ ಅನ್ನೋದೂ ನೆನಪಿರಲಿ.

ಪ್ರೀಮಿಯರ್‌ಗೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಸಮವಾಗಿ ಬೇಕು. ಡಾವಿಂಚಿ ರಿಸಾಲ್ವ್ ಪೂರ್ತಿ ಗ್ರಾಫಿಕ್ಸ್ ಕಾರ್ಡ್ ಮೇಲೆ ಕೂತಿದೆ. ಕಲರ್ ಗ್ರೇಡಿಂಗ್, ನಾಯ್ಸ್ ರಿಡಕ್ಷನ್ ಹಾಕಿದಷ್ಟೂ ಕಾರ್ಡ್ ಮೆಮೊರಿ ಕೇಳುತ್ತದೆ. ಡಾವಿಂಚಿಯ ಉಚಿತ ಆವೃತ್ತಿಯಲ್ಲಿ ಕಲಿಯಬಹುದು, ಸಣ್ಣ ಕೆಲಸ ಮುಗಿಸಬಹುದು. ನಾಯ್ಸ್ ರಿಡಕ್ಷನ್ ಮತ್ತು 4ಕೆಗಿಂತ ದೊಡ್ಡ ಔಟ್‌ಪುಟ್ ಬೇಕಾದರೆ ಸ್ಟುಡಿಯೋ ಆವೃತ್ತಿ ಬೇಕು. ಒಂದು ಸಲ ದುಡ್ಡು ಕೊಟ್ಟರೆ ಸಾಕು, ತಿಂಗಳ ಬಾಡಿಗೆ ಇಲ್ಲ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಬೇಡಿ. ಅದರ ಜೊತೆ ಬರುವ ವೈರಸ್ ನಿಮ್ಮ ಡ್ರೈವ್‌ಗಳನ್ನೆಲ್ಲ ಲಾಕ್ ಮಾಡಿದರೆ ಬೇರೆಯವರ ಮದುವೆಗಳು ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ.

## ಗ್ರಾಫಿಕ್ಸ್ ಕಾರ್ಡ್ ಎಷ್ಟು ದೊಡ್ಡದು ಬೇಕು?

4ಕೆ ಕೆಲಸಕ್ಕೆ 8 ಜಿಬಿ ಮೆಮೊರಿ ಕನಿಷ್ಠ. 12 ಅಥವಾ 16 ಇದ್ದರೆ ನೆಮ್ಮದಿ. ಹಳೆಯ ಆರ್‌ಟಿಎಕ್ಸ್ 3060 ಕಾರ್ಡ್‌ನ 12 ಜಿಬಿ ಮಾದರಿ ಇವತ್ತಿಗೂ 4:2:0 ಫುಟೇಜ್‌ಗೆ ಚೆನ್ನಾಗಿ ಓಡುತ್ತದೆ. ಹೊಸದು ತಗೊಳ್ಳುವವರಿಗೆ ಆರ್‌ಟಿಎಕ್ಸ್ 5060 ಟಿಐ 16 ಜಿಬಿ ಮಾದರಿ ಸರಿಯಾದ ಜಾಗ. ಅದಕ್ಕಿಂತ ಮೇಲೆ ಹೋಗುವ ದುಡ್ಡನ್ನು ಹಾರ್ಡ್ ಡಿಸ್ಕ್‌ಗೆ ಹಾಕಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

## ರ‍್ಯಾಮ್?

32 ಜಿಬಿ. 16ರ ಎರಡು ಸ್ಟಿಕ್, ಒಂದೇ 32ರ ಸ್ಟಿಕ್ ಅಲ್ಲ. ಬರೀ ಫುಲ್ ಎಚ್‌ಡಿ ಮಾಡುವವರಿಗೆ 16 ಸಾಕಾಗಬಹುದು, ಆದರೆ ಪಕ್ಕದಲ್ಲಿ ಫೋಟೋಶಾಪ್ ತೆರೆದು 12x36 ಆಲ್ಬಂ ಶೀಟ್ ಡಿಸೈನ್ ಮಾಡುವ ರೂಢಿ ಇದ್ದರೆ ಸಾಲದು. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಹಾಗಾಗಿ ಹಳೆಯ ಡಿಡಿಆರ್4 ಸಿಸ್ಟಂ ಇರುವವರು ಪೂರ್ತಿ ಬದಲಿಸುವ ಮೊದಲು ಇರುವುದನ್ನೇ ಹೆಚ್ಚಿಸಬಹುದಾ ನೋಡಿ.

## ಒಂದು ಮದುವೆಗೆ ಎಷ್ಟು ಜಾಗ ಬೇಕಾಗುತ್ತದೆ?

ಲೆಕ್ಕ ಸುಲಭ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಫುಟೇಜ್ ಒಂದು ಗಂಟೆಗೆ 45 ಜಿಬಿ. 200 ಆದರೆ 90 ಜಿಬಿ. ಎರಡು ದಿನದ ಮದುವೆ, ಮೂರು ಕ್ಯಾಮೆರಾ, ಒಂದೊಂದರಲ್ಲಿ ಐದು ಗಂಟೆ ರೆಕಾರ್ಡಿಂಗ್ ಅಂದುಕೊಳ್ಳಿ. ಒಟ್ಟು 15 ಗಂಟೆ, 675 ಜಿಬಿ. ಡ್ರೋನ್, ಫೋಟೋ ಸೇರಿದರೆ ಮುಕ್ಕಾಲು ಟಿಬಿ ದಾಟುತ್ತದೆ. ಸೀಸನ್‌ಗೆ 20 ಮದುವೆ ಇದ್ದರೆ 15 ಟಿಬಿ. ಅದರ ಇನ್ನೊಂದು ಕಾಪಿಗೆ ಮತ್ತೆ 15.

ಎಲ್ಲವನ್ನೂ ಎಸ್‌ಎಸ್‌ಡಿಯಲ್ಲಿ ಇಡಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಮೂರು ಭಾಗ ಮಾಡಿ. ವಿಂಡೋಸ್ ಮತ್ತು ಸಾಫ್ಟ್‌ವೇರ್‌ಗೆ 500 ಜಿಬಿ ಎನ್‌ವಿಎಂಇ (ಅತಿ ವೇಗದ ಎಸ್‌ಎಸ್‌ಡಿ). ಈಗ ಎಡಿಟ್ ಆಗುತ್ತಿರುವ ಮದುವೆಗೆ 2 ಟಿಬಿಯ ಬೇರೆ ಎನ್‌ವಿಎಂಇ. ಮುಗಿದ ಮದುವೆಗಳಿಗೆ ದೊಡ್ಡ ಹಾರ್ಡ್ ಡಿಸ್ಕ್. ಹಾರ್ಡ್ ಡಿಸ್ಕ್ ಒಂದು ಫೈಲ್ ಓದುವಾಗ ಸೆಕೆಂಡಿಗೆ 150ರಿಂದ 250 ಎಂಬಿ ಕೊಡುತ್ತದೆ. ಆದರೆ ನಾಲ್ಕು ಕ್ಯಾಮೆರಾದ ಫೈಲ್ ಒಟ್ಟಿಗೆ ಕೇಳಿದರೆ ಅದರ ಸೂಜಿ ಅಲ್ಲಿಂದ ಇಲ್ಲಿಗೆ ಓಡಾಡಿ ಸುಸ್ತಾಗುತ್ತದೆ. ಎಸ್‌ಎಸ್‌ಡಿಗೆ ಆ ತೊಂದರೆ ಇಲ್ಲ. ಎಡಿಟಿಂಗ್‌ಗೆ ಸಾಟಾ ಎಸ್‌ಎಸ್‌ಡಿ ಕೂಡ ಸಾಕಾಗುತ್ತದೆ, 550 ಎಂಬಿ ವೇಗ ಸಣ್ಣದೇನಲ್ಲ.

ತೀರಾ ಅಗ್ಗದ ಕ್ಯೂಎಲ್‌ಸಿ ಎಸ್‌ಎಸ್‌ಡಿ ಬೇಡ. ಮೊದಲ ಕೆಲವು ಜಿಬಿ ಜೋರಾಗಿ ಹೋಗಿ, ಆಮೇಲೆ ಹಾರ್ಡ್ ಡಿಸ್ಕ್‌ಗಿಂತಲೂ ನಿಧಾನ ಆಗಬಹುದು. ಹಾರ್ಡ್ ಡಿಸ್ಕ್ ತಗೊಳ್ಳುವಾಗ ಸಿಎಂಆರ್ ಮಾದರಿಯದ್ದನ್ನು ಕೇಳಿ. ಎಸ್‌ಎಂಆರ್ ಡಿಸ್ಕ್‌ಗೆ ದೊಡ್ಡ ಫೋಲ್ಡರ್ ಕಾಪಿ ಮಾಡುತ್ತಾ ಕೂತರೆ ರಾತ್ರಿ ಕಳೆಯುತ್ತದೆ.

ಕಾರ್ಡ್ ರೀಡರ್ ಕಡೆಗೂ ಗಮನ ಕೊಡಿ. ಹಳೆಯ ಯುಎಸ್‌ಬಿ 2.0 ರೀಡರ್‌ನಲ್ಲಿ 128 ಜಿಬಿ ಕಾರ್ಡ್ ಇಳಿಯಲು ಒಂದು ಗಂಟೆ ಬೇಕು. ನಿಮ್ಮ ಕಾರ್ಡ್ ಯುಎಚ್‌ಎಸ್-2 (ವೇಗದ ಮಾದರಿ) ಆಗಿದ್ದರೆ ರೀಡರ್ ಕೂಡ ಅದೇ ಇರಲಿ.

## ಬ್ಯಾಕಪ್ ಹೇಗೆ ಇಡಬೇಕು? ಎರಡನೇ ಡಿಸ್ಕ್ ನಿಜವಾಗಿಯೂ ಬೇಕಾ?

ಬೇಕು. ಬಜೆಟ್ ಕಡಿಮೆ ಇದ್ದರೆ ಗ್ರಾಫಿಕ್ಸ್ ಕಾರ್ಡ್ ಸಣ್ಣದು ಮಾಡಿ, ಮಾನಿಟರ್ ಮುಂದಿನ ವರ್ಷ ತಗೊಳ್ಳಿ, ಇದನ್ನು ಮಾತ್ರ ಬಿಡಬೇಡಿ. ಕಂಪ್ಯೂಟರ್ ನಿಧಾನ ಆದರೆ ಆಲ್ಬಂ, ವಿಡಿಯೋ ತಡವಾಗುತ್ತದೆ, ಪಾರ್ಟಿಯವರು ನಾಲ್ಕು ಸಲ ಫೋನ್ ಮಾಡುತ್ತಾರೆ. ಡಿಸ್ಕ್ ಹೋದರೆ ಕೊಡಲು ಏನೂ ಇರುವುದಿಲ್ಲ. ಆ ಮದುವೆಯಲ್ಲಿ ಆಶೀರ್ವಾದ ಮಾಡಿದ ಅಜ್ಜಿ ಈಗ ಇಲ್ಲದೇ ಇರಬಹುದು. ಅವರ ಮಾತು, ಓಡಾಟ ಉಳಿದಿರುವುದು ನಿಮ್ಮ ಫುಟೇಜ್‌ನಲ್ಲಿ ಮಾತ್ರ.

ಕ್ಯಾಮೆರಾದಲ್ಲಿ ಎರಡು ಸ್ಲಾಟ್ ಇದ್ದರೆ ಎರಡಕ್ಕೂ ಒಟ್ಟಿಗೆ ರೆಕಾರ್ಡ್ ಆಗಲಿ. ಛತ್ರದಿಂದ ಬಂದ ರಾತ್ರಿಯೇ ಕಾರ್ಡ್‌ಗಳನ್ನು ಎರಡು ಡ್ರೈವ್‌ಗೆ ಇಳಿಸಿ. ಮೊದಲ ಡ್ರೈವ್‌ನಿಂದ ಎರಡನೆಯದಕ್ಕೆ ಕಾಪಿ ಮಾಡಬೇಡಿ. ಮೊದಲ ಕಾಪಿ ಕೆಟ್ಟಿದ್ದರೆ ಎರಡನೆಯದೂ ಕೆಟ್ಟದ್ದೇ ಆಗುತ್ತದೆ. ಎರಡೂ ಸಲ ಕಾರ್ಡ್‌ನಿಂದಲೇ ಇಳಿಸಿ, ಟೆರಾಕಾಪಿ ಥರದ ಸಾಫ್ಟ್‌ವೇರ್‌ನಲ್ಲಿ ವೆರಿಫೈ ಆನ್ ಮಾಡಿ. ಎರಡೂ ಕಡೆ ಕ್ಲಿಪ್ ತೆರೆದು ನೋಡುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಎರಡನೇ ಡ್ರೈವ್ ಬೇರೆ ಜಾಗದಲ್ಲಿ ಇರಲಿ. ಸ್ಟುಡಿಯೋ ಅಂಗಡಿಯಲ್ಲಿದ್ದರೆ ಅದು ಮನೆಯಲ್ಲಿ.

ರೇಡ್ (ಹಲವು ಡಿಸ್ಕ್ ಒಟ್ಟಿಗೆ ಜೋಡಿಸುವ ವ್ಯವಸ್ಥೆ) ಹಾಕಿಸಿದ್ದೇನೆ, ಸಾಲದೇ ಅಂತ ಕೆಲವರು ಕೇಳುತ್ತಾರೆ. ಒಂದು ಡಿಸ್ಕ್ ಕೆಟ್ಟರೆ ರೇಡ್ ಕಾಪಾಡುತ್ತದೆ. ಕೈತಪ್ಪಿ ಡಿಲೀಟ್ ಆದರೆ, ಸಿಡಿಲು ಹೊಡೆದರೆ, ಕಳ್ಳತನ ಆದರೆ ಕಾಪಾಡುವುದಿಲ್ಲ.

ಎಷ್ಟು ದಿನ ಇಡಬೇಕು ಅನ್ನೋದನ್ನ ಆರ್ಡರ್ ತಗೊಳ್ಳುವಾಗಲೇ ಚೀಟಿಯಲ್ಲಿ ಬರೆದುಕೊಡಿ. ಡೆಲಿವರಿ ಆದ ಮೇಲೆ ಆರು ತಿಂಗಳು, ಅಥವಾ ಒಂದು ವರ್ಷ. ಫುಟೇಜ್ ಪೂರ್ತಿ ಬೇಕು ಅನ್ನುವವರು ಹಾರ್ಡ್ ಡಿಸ್ಕ್ ತಂದುಕೊಡಲಿ.

## ಹೊಸದು ತಗೊಳ್ಳಲು ಈಗ ಆಗುವುದಿಲ್ಲ. ಹಳೆಯದರಲ್ಲೇ 4ಕೆ ಮಾಡಬಹುದಾ?

ಪ್ರಾಕ್ಸಿ ಮಾಡಿಕೊಳ್ಳಿ. ದೊಡ್ಡ ಫೈಲ್‌ಗಳ ಸಣ್ಣ ಕಾಪಿಗಳನ್ನು ಸಾಫ್ಟ್‌ವೇರೇ ಮಾಡಿಕೊಡುತ್ತದೆ. 720ಪಿ ಅಳತೆಯ ಪ್ರೋರೆಸ್ ಪ್ರಾಕ್ಸಿ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಲ್‌ಬಿ ಆರಿಸಿ. ಇವುಗಳಲ್ಲಿ ಪ್ರತಿ ಫ್ರೇಮ್ ಪೂರ್ತಿ ಇರುತ್ತದೆ, ಹಾಗಾಗಿ ಹಳೆಯ ಸಿಸ್ಟಂ ಕೂಡ ಲ್ಯಾಗ್ ಇಲ್ಲದೆ ಓಡಿಸುತ್ತದೆ. ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆ ಎಡಿಟ್ ಶುರು ಮಾಡಬಹುದು. ಕಟಿಂಗ್ ಪ್ರಾಕ್ಸಿಯಲ್ಲಿ ಆಗಲಿ, ಕಲರ್ ಮಾಡುವಾಗ ಮಾತ್ರ ಒರಿಜಿನಲ್‌ಗೆ ಬದಲಿಸಿ. ಎಕ್ಸ್‌ಪೋರ್ಟ್ ಹೇಗೂ ಒರಿಜಿನಲ್‌ನಿಂದಲೇ ಆಗುತ್ತದೆ.

## ಮಾನಿಟರ್ ಬಗ್ಗೆ ಏನು ಹೇಳುತ್ತೀರಿ? ಟಿವಿ ಜೋಡಿಸಿದರೆ ಆಗಲ್ವಾ?

ಎಡಿಟಿಂಗ್‌ಗೆ ಟಿವಿ ಬೇಡ, ಕೊನೆಗೆ ಪರೀಕ್ಷೆಗೆ ಇರಲಿ. ಟಿವಿ ತನ್ನಷ್ಟಕ್ಕೆ ಬಣ್ಣ ಏರಿಸಿ ತೋರಿಸುತ್ತದೆ.

ನಮ್ಮ ಮದುವೆಗಳಲ್ಲಿ ಬಣ್ಣದ ಕಷ್ಟ ಎಲ್ಲಿ ಅಂದರೆ ರೇಷ್ಮೆ ಸೀರೆಯಲ್ಲಿ. ಕಡು ಕೆಂಪು ಸೀರೆ, ಜರಿ ಅಂಚು, ಅರಿಶಿನ ಹಚ್ಚಿದ ಮುಖ, ಮೇಲಿಂದ ಹಳದಿ ಲೈಟು. ಕೆಟ್ಟ ಮಾನಿಟರ್‌ನಲ್ಲಿ ಕೆಂಪು ಮಂಕಾಗಿ ಕಾಣುತ್ತದೆ ಅಂತ ನೀವು ಸ್ಯಾಚುರೇಷನ್ ಏರಿಸುತ್ತೀರಿ. ಒಳ್ಳೆಯ ಫೋನ್‌ನಲ್ಲಿ ನೋಡಿದಾಗ ಸೀರೆಯ ನೇಯ್ಗೆಯೇ ಕಾಣದೆ ಕೆಂಪು ಮುದ್ದೆ ಆಗಿರುತ್ತದೆ. ಹುಡುಗಿ ಮನೆಯವರು ಅಷ್ಟು ಆಸೆಪಟ್ಟು ಆರಿಸಿದ ಸೀರೆ ಅದು, ಸರಿಯಾಗಿ ಕಾಣಬೇಕು. 27 ಇಂಚು, ಐಪಿಎಸ್ ಪರದೆ, 100% ಎಸ್‌ಆರ್‌ಜಿಬಿ (ತೋರಿಸಬಲ್ಲ ಬಣ್ಣಗಳ ಅಳತೆ), 1440ಪಿ ಅಥವಾ 4ಕೆ ಸಾಕು. ಕರ್ವ್ ಇರುವ ಗೇಮಿಂಗ್ ಮಾನಿಟರ್ ಬೇಡ. ಕಿಟಕಿ ಬೆಳಕು ಪರದೆ ಮೇಲೆ ಬೀಳದ ಹಾಗೆ ಕೂತುಕೊಳ್ಳಿ.

ಹೆಡ್‌ಫೋನ್ ವೈರ್ ಇರುವುದೇ ಇರಲಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, ಮಲ್ಟಿಕ್ಯಾಮ್ ಸಿಂಕ್ ಸರಿ ಇದೆಯಾ ಗೊತ್ತಾಗುವುದಿಲ್ಲ. ಗಟ್ಟಿಮೇಳದ ಹೊತ್ತಿಗೆ ನಾದಸ್ವರ, ಡೋಲು ಎರಡೂ ಏರಿ ಕ್ಯಾಮೆರಾ ಮೈಕ್‌ನಲ್ಲಿ ಸದ್ದು ಒಡೆದಿರುತ್ತದೆ. ಕಂಪ್ಯೂಟರ್ ಸ್ಪೀಕರ್‌ನಲ್ಲಿ ಅದು ಕೇಳಿಸದೇ ಹೋಗಬಹುದು, ಮನೆಯವರ ಟಿವಿಯಲ್ಲಿ ಕೇಳಿಸುತ್ತದೆ.

## ಲ್ಯಾಪ್‌ಟಾಪ್ ಸಾಕಾಗುತ್ತದಾ?

ಆರತಕ್ಷತೆಯ ಹೊತ್ತಿಗೆ ಬೆಳಗಿನ ಮುಹೂರ್ತದ ಟೀಸರ್ ಎಲ್‌ಇಡಿ ವಾಲ್‌ನಲ್ಲಿ ತೋರಿಸುವವರಿಗೆ ಲ್ಯಾಪ್‌ಟಾಪ್ ಬೇಕೇ ಬೇಕು. ಉಳಿದವರಿಗೆ ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಜಾಸ್ತಿ ಕೆಲಸ ಕೊಡುತ್ತದೆ, ರಿಪೇರಿಯೂ ಸುಲಭ. ಅಗ್ಗದ ಗೇಮಿಂಗ್ ಲ್ಯಾಪ್‌ಟಾಪ್‌ಗಳ ಪರದೆ 45% ಎನ್‌ಟಿಎಸ್‌ಸಿ ಅಂತ ಬರೆದಿರುತ್ತದೆ, ಅಂದರೆ ಕಮ್ಮಿ ಬಣ್ಣ ತೋರಿಸುತ್ತದೆ. ಅಂಥದರಲ್ಲಿ ಕಲರ್ ಕೆಲಸ ಆಗದು. ಒಂದೇ ಹೆಸರಿನ ಗ್ರಾಫಿಕ್ಸ್ ಚಿಪ್ ಬೇರೆ ಬೇರೆ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ವ್ಯಾಟ್‌ಗೆ ಓಡುತ್ತದೆ, ಅದನ್ನೂ ಕೇಳಿ. ಛತ್ರದಲ್ಲಿ ಚಾರ್ಜರ್ ಹಾಕಿಯೇ ಕೆಲಸ ಮಾಡಿ, ಬ್ಯಾಟರಿಯಲ್ಲಿ ವೇಗ ಬಿದ್ದುಹೋಗುತ್ತದೆ.

## ಮ್ಯಾಕ್ ಮಿನಿ ಹೇಗೆ?

ಎಡಿಯಸ್ ಬೇಡ ಅನ್ನುವವರಿಗೆ ತುಂಬಾ ಚೆನ್ನಾಗಿದೆ. 2024ರ ಕೊನೆಗೆ ಬಂದ ಎಂ4 ಮ್ಯಾಕ್ ಮಿನಿಯಲ್ಲಿ ಶುರುವಿನ ಮಾದರಿಗೇ 16 ಜಿಬಿ ರ‍್ಯಾಮ್ ಇದೆ. ಎಚ್.265ರ 10 ಬಿಟ್ 4:2:2 ಫುಟೇಜ್ ಸಲೀಸಾಗಿ ಓಡುತ್ತದೆ, ಕರೆಂಟ್ ಖರ್ಚೂ ಕಮ್ಮಿ. ರ‍್ಯಾಮ್ ಆಮೇಲೆ ಹೆಚ್ಚಿಸಲು ಬರುವುದಿಲ್ಲ, ಹಾಗಾಗಿ ಆಗುವುದಾದರೆ 24 ಜಿಬಿಯದ್ದನ್ನೇ ತಗೊಳ್ಳಿ. ಒಳಗಿನ 256 ಜಿಬಿ ಯಾವುದಕ್ಕೂ ಸಾಲದು, ಹೊರಗಿನ ಎಸ್‌ಎಸ್‌ಡಿಯ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ.

## ಹಳೆಯ ಝಿಯಾನ್ ವರ್ಕ್‌ಸ್ಟೇಷನ್ ಅಗ್ಗಕ್ಕೆ ಸಿಗುತ್ತಿದೆ, 16 ಕೋರ್ ಅಂತೆ?

ಕೋರ್ ಎಣಿಸಿ ಮೋಸ ಹೋಗಬೇಡಿ. ಆ ಝಿಯಾನ್ ಇ5 ಚಿಪ್‌ಗಳಲ್ಲಿ ಕ್ವಿಕ್ ಸಿಂಕ್ ಇಲ್ಲ. ವಿಂಡೋಸ್ 11ಕ್ಕೂ ಅವು ಅಧಿಕೃತವಾಗಿ ಸಲ್ಲುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

## ಯುಪಿಎಸ್ ಎಷ್ಟು ದೊಡ್ಡದು?

600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಹೊರುತ್ತದೆ. ಎಕ್ಸ್‌ಪೋರ್ಟ್ ನಡೆಯುವಾಗ ಪ್ರೊಸೆಸರ್, ಕಾರ್ಡ್, ಮಾನಿಟರ್ ಸೇರಿ ಅದನ್ನು ಮುಟ್ಟಿಬಿಡಬಹುದು. ಕನಿಷ್ಠ 1 ಕೆವಿಎ (1000 ವಿಎ) ಹಾಕಿಸಿ. ಮನೆಯ ಇನ್ವರ್ಟರ್ ಇದೆಯಲ್ಲ ಅಂತ ಬಿಡಬೇಡಿ, ಅದು ಬದಲಾಗುವ ಆ ಕ್ಷಣದಲ್ಲೇ ಸಿಸ್ಟಂ ಆಫ್ ಆಗಬಹುದು. ಬಾಹ್ಯ ಹಾರ್ಡ್ ಡಿಸ್ಕ್‌ನ ಅಡಾಪ್ಟರನ್ನೂ ಯುಪಿಎಸ್‌ಗೇ ಹಾಕಿ. ಅರ್ತಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಮಲೆನಾಡು, ಕರಾವಳಿ ಕಡೆಯವರು ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ, ನೆಟ್ ಕೇಬಲ್ ಕೂಡ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಕ್ಯಾಬಿನೆಟ್‌ಗೆ ಗಾಳಿ ಚೆನ್ನಾಗಿ ಆಡಬೇಕು. ಮುಂದೆ ಪೂರ್ತಿ ಗಾಜಿರುವ ಕ್ಯಾಬಿನೆಟ್ ಬೇಡ.

## ಯಾವಾಗ, ಎಲ್ಲಿ ತಗೋಬೇಕು?

ಆಷಾಢದಲ್ಲಿ ಅಥವಾ ಧನುರ್ಮಾಸದಲ್ಲಿ. ಮುಹೂರ್ತ ಇಲ್ಲದ ದಿನಗಳಲ್ಲಿ ಹೊಸ ಸಿಸ್ಟಂ ಜೋಡಿಸಿ, ಹಳೆಯ ಪ್ರಾಜೆಕ್ಟ್ ತೆರೆದು, ಪ್ಲಗಿನ್ ಹಾಕಿ ಎಲ್ಲ ಸರಿ ಮಾಡಿಕೊಳ್ಳಬಹುದು. ಸೀಸನ್ ಮಧ್ಯೆ ಸಾಫ್ಟ್‌ವೇರ್ ಅಪ್‌ಡೇಟ್ ಕೂಡ ಮಾಡಬೇಡಿ.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಬೆಲೆ ಕಮ್ಮಿ ನಿಜ. ನಾಲ್ಕು ಅಂಗಡಿ ಕೇಳಿ, ಒಂದೊಂದು ಭಾಗದ ಬೆಲೆ ಬೇರೆ ಬೇರೆ ಬರೆಸಿಕೊಳ್ಳಿ. ಪವರ್ ಸಪ್ಲೈ ಯಾವ ಕಂಪನಿಯದು ಅಂತ ಕೇಳಿ, ಅಂಗಡಿಯವರು ದುಡ್ಡು ಉಳಿಸುವುದು ಅಲ್ಲೇ. ಬಿಲ್‌ನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಇರಲಿ, ವಾರಂಟಿ ಭಾರತದ್ದೇ ಆಗಿರಲಿ. ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೋ ಆದರೆ ಬಿಲ್ ಮೇಲೆ ನಿಮ್ಮ ನಂಬರ್ ಹಾಕಿಸಿ, ಕೊಟ್ಟ 18% ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು.

ನಿಮ್ಮ ಫುಟೇಜ್ ಇರುವ ಎಸ್‌ಎಸ್‌ಡಿ ಜೊತೆಗೆ ಒಯ್ಯಿರಿ. ಅಂಗಡಿಯಲ್ಲೇ ಪ್ಲೇ ಮಾಡಿಸಿ, ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಭಾಗ ತೆರೆದಿಡಿ. ವಿಡಿಯೋ ಡಿಕೋಡ್ ಗೆರೆ ಮೇಲೇರಿ ಸಿಪಿಯು ಕೆಳಗಿದ್ದರೆ ಸಿಸ್ಟಂ ನಿಮಗೆ ಸರಿ. ಆ ಗೆರೆ ಅಲ್ಲಾಡದೆ ಸಿಪಿಯು 100% ಮುಟ್ಟಿದರೆ ಬೇರೆ ಜೋಡಣೆ ಕೇಳಿ.

## ಕನ್ನಡ ಟೈಟಲ್‌ನಲ್ಲಿ ಒತ್ತಕ್ಷರ ಒಡೆದು ಬರುತ್ತದೆ. ಕಂಪ್ಯೂಟರ್ ತೊಂದರೆಯಾ?

ಅಲ್ಲ, ಸೆಟ್ಟಿಂಗ್. ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯದ ಭಾಷೆಗಳದ್ದಕ್ಕೆ ಬದಲಿಸಿ. ಆಮೇಲೆ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಥರದ ಯೂನಿಕೋಡ್ ಫಾಂಟ್ ಬಳಸಿ. ಲಕ್ಷ್ಮೀ, ಕೃಷ್ಣ ಅಂತ ಟೈಪ್ ಮಾಡಿ ನೋಡಿ. ಮದುವೆ ವಿಡಿಯೋದಲ್ಲಿ ಹುಡುಗ ಹುಡುಗಿಯ ಹೆಸರೇ ತಪ್ಪಾಗಿ ಬರಬಾರದು.

## ಪೆನ್‌ಡ್ರೈವ್ ಪಾರ್ಟಿಯವರ ಟಿವಿಯಲ್ಲಿ ಓಡುವುದಿಲ್ಲ. ಏನು ಮಾಡಲಿ?

ಟಿವಿಗೆ ಎಚ್.264, ಎಂಪಿ4, 8 ಬಿಟ್ ಕೊಡಿ. ಹಳೆಯ ಟಿವಿಗಳು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಮಾತ್ರ ಓದುತ್ತವೆ, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಫುಲ್ ಎಚ್‌ಡಿಗೆ 15 ಎಂಬಿಪಿಎಸ್ ಇಟ್ಟರೆ ಅರ್ಧ ಗಂಟೆಯ ಫೈಲ್ ಅದರೊಳಗೆ ಕೂರುತ್ತದೆ. ವರಪೂಜೆ, ಕಾಶಿಯಾತ್ರೆ, ಧಾರೆ, ಸಪ್ತಪದಿ, ಆರತಕ್ಷತೆ ಅಂತ ಶಾಸ್ತ್ರದ ಪ್ರಕಾರ ಬೇರೆ ಬೇರೆ ಫೈಲ್ ಮಾಡಿ. ನೋಡುವವರಿಗೂ ಅದೇ ಅನುಕೂಲ.

ಬಿಟ್‌ರೇಟ್ ತೀರಾ ಇಳಿಸಬೇಡಿ. ಮಾಂಗಲ್ಯಧಾರಣೆಯ ಹೊತ್ತಿಗೆ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ, ಪ್ರತಿ ಕಾಳೂ ಪ್ರತಿ ಫ್ರೇಮ್‌ನಲ್ಲಿ ಜಾಗ ಬದಲಿಸುತ್ತದೆ. ಬಿಟ್‌ರೇಟ್ ಕಮ್ಮಿ ಇದ್ದರೆ ಚಿತ್ರ ಚೌಕ ಚೌಕವಾಗಿ ಒಡೆಯುವುದು ಸರಿಯಾಗಿ ಆ ಹೊತ್ತಿಗೇ. ಎಕ್ಸ್‌ಪೋರ್ಟ್ ಆದ ಮೇಲೆ ಪೂರ್ತಿ ನೋಡಲು ಟೈಮ್ ಇಲ್ಲದಿದ್ದರೆ ಆ ಒಂದು ನಿಮಿಷವನ್ನಾದರೂ ನೋಡಿಯೇ ಪೆನ್‌ಡ್ರೈವ್ ಕೊಡಿ.

## ಫುಟೇಜನ್ನು ಬೇರೆ ಊರಿನ ಎಡಿಟರ್‌ಗೆ ಕಳಿಸಬೇಕು. ನೆಟ್‌ನಲ್ಲೇ ಕಳಿಸಬಹುದಾ?

50 ಎಂಬಿಪಿಎಸ್ ಅಪ್‌ಲೋಡ್ ಇರುವ ಫೈಬರ್‌ನಲ್ಲಿ 500 ಜಿಬಿ ಹೋಗಲು 22 ಗಂಟೆ ಬೇಕು, ಅದೂ ಕರೆಂಟ್ ಹೋಗದಿದ್ದರೆ. ಹಾರ್ಡ್ ಡಿಸ್ಕನ್ನು ಪಾರ್ಸೆಲ್ ಮಾಡುವುದೇ ವಾಸಿ. ಒಂದು ಕಾಪಿ ನಿಮ್ಮಲ್ಲಿ ಇಟ್ಟುಕೊಂಡೇ ಕಳಿಸಿ, ಡಿಸ್ಕ್ ಸುತ್ತ ದಪ್ಪ ಸ್ಪಂಜ್ ಇರಲಿ. ಇನ್ನೊಂದು ದಾರಿಯೂ ಇದೆ. 720ಪಿ ಪ್ರಾಕ್ಸಿಗಳನ್ನು ಮಾತ್ರ ನೆಟ್‌ನಲ್ಲಿ ಕಳಿಸಿ. ಎಡಿಟರ್ ಕಟ್ ಮಾಡಿ ಪ್ರಾಜೆಕ್ಟ್ ಫೈಲ್ ವಾಪಸ್ ಕಳಿಸಲಿ, ನೀವು ಒರಿಜಿನಲ್ ಜೋಡಿಸಿ ಎಕ್ಸ್‌ಪೋರ್ಟ್ ಮಾಡಿ. ಇದಕ್ಕೆ ಇಬ್ಬರ ಹತ್ತಿರವೂ ಸಾಫ್ಟ್‌ವೇರ್‌ನ ಒಂದೇ ಆವೃತ್ತಿ ಇರಬೇಕು, ಫೈಲ್ ಹೆಸರುಗಳನ್ನು ಯಾರೂ ಬದಲಿಸಬಾರದು.